ಹಾರ ಹಾಕಿಸಿಕೊಂಡು ಹೊಳೆಗೆ ಹೋದ ಕಂಪ್ಯೂಟರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಲೇಡೀಸ್ ಹಾಸ್ಟೆಲ್ ನಡೆಸುವ ಇಂದಿರಮ್ಮನವರ ಮೇಲೆ ಸಿಟ್ಟು ಮಾಡಿಕೊಂಡು ಗೆದ್ದವರು ಇದುವರೆಗೆ ಯಾರೂ ಇಲ್ಲ. ನಾನೂ ಗೆಲ್ಲಲಿಲ್ಲ. ಸೋತ ಕಥೆಯನ್ನೇ ಹೇಳುತ್ತೇನೆ, ಕೇಳಿ.

ಇಂದಿರಮ್ಮನವರಿಗೆ ಅರವತ್ತನಾಲ್ಕು ವರ್ಷ. ಹುಟ್ಟಿದ್ದು ಜಮಖಂಡಿ ಕಡೆ, ಕೃಷ್ಣಾ ಹೊಳೆಯ ದಂಡೆಯ ಹಳ್ಳಿಯಲ್ಲಿ. ಅಲ್ಲಿನ ಸಕ್ಕರೆ ಕಾರ್ಖಾನೆಗೆ ಯಂತ್ರ ಕೂಡಿಸಲು ವಿಶಾಖಪಟ್ಟಣದಿಂದ ಬಂದ ಕಾಮೇಶ್ವರ ಎಂಬ ಫಿಟ್ಟರು, ಯಂತ್ರ ಕೂಡಿಸಿ ಮುಗಿದ ಮೇಲೂ ಒಂದಲ್ಲ ಒಂದು ಬೋಲ್ಟು ಸಡಿಲವಾಗಿದೆ ಎಂದು ನೆಪ ಹೇಳಿಕೊಂಡು ಊರಲ್ಲೇ ಉಳಿದನಂತೆ. ಆ ಬೋಲ್ಟಿನ ಕಥೆ ಮದುವೆಯಲ್ಲಿ ಮುಗಿಯಿತು. ನಲವತ್ತು ವರ್ಷದಿಂದ ಇಲ್ಲಿದ್ದರೂ ಇಂದಿರಮ್ಮನವರ ಕನ್ನಡ ಜಮಖಂಡಿಯದೇ; ಗಂಡನನ್ನು ಕರೆಯುವಾಗ ಮಾತ್ರ 'ಏವಂಡಿ' ಬರುತ್ತದೆ. ಕಾಮೇಶ್ವರ ಅಂಕಲ್ ಹೆಂಡತಿಯ ಕನ್ನಡ ಕಲಿತು ತೆಲುಗಿನ ರಾಗದಲ್ಲಿ ಆಡುತ್ತಾರೆ. ಇಬ್ಬರಿಗೂ ಮಕ್ಕಳಿಲ್ಲ. ಮೂರು ಅಂತಸ್ತಿನ ತುಂಬ ಹುಡುಗಿಯರಿದ್ದಾರೆ.

ನಾನು ತನುಶ್ರೀ, ಚನ್ನರಾಯಪಟ್ಟಣದವಳು. ಇಲ್ಲಿಯ ದೊಡ್ಡದೊಂದು ಆಸ್ಪತ್ರೆಯ ಮಾಹಿತಿ ಸುರಕ್ಷತಾ ವಿಭಾಗದಲ್ಲಿ ಕೆಲಸ. ಆರು ತಿಂಗಳಿಗೆಂದು ಬಂದವಳು ಮೂರು ವರ್ಷವಾದರೂ ಇಂದಿರಮ್ಮನವರ ಎರಡನೇ ಮಹಡಿಯ ರೂಮಿನಲ್ಲೇ ಇದ್ದೇನೆ. ಬಂದ ಮೊದಲ ತಿಂಗಳಲ್ಲೇ ಈ ಹೆಂಗಸು ಎಂಥವರು ಎಂಬುದು ನನಗೆ ಗೊತ್ತಾಯಿತು. ನಮ್ಮಪ್ಪ ಹೇಳದೆ ಕೇಳದೆ ಒಂದು ಡಬ್ಬ ಕೊಬ್ಬರಿ ಮಿಠಾಯಿ ಹಿಡಿದುಕೊಂಡು ಬಂದಿದ್ದರು. ಗೇಟಿನಲ್ಲಿ ಇಂದಿರಮ್ಮನವರು ಅಡ್ಡ ನಿಂತರು.

"ತನುಶ್ರೀ ಅಂತ ನಿಮ್ಮಲ್ಲಿ ಇದ್ದಾಳಲ್ಲ, ಅವಳ ತಂದೆ ನಾನು," ಎಂದರು ಅಪ್ಪ.

"ಆ ಹೆಸರಿನಾಕಿ ಇಲ್ಲಿ ಇದ್ದಾಳ ಅಂತ ನಾ ಹೇಳಿಲ್ಲ, ಇಲ್ಲ ಅಂತನೂ ಹೇಳಿಲ್ಲ. ಇದ್ರ, ಆಕಿ ಹುಟ್ಟಿದ ತಾರೀಖು ಯಾವುದ್ರಿ?"

ಅಪ್ಪ ಆಗಸ್ಟ್ ಹದಿನಾಲ್ಕು ಎಂದರು. ನಾನು ಹುಟ್ಟಿದ್ದು ಹದಿನೇಳಕ್ಕೆ. ಪಾಪ, ಯಾವ ಅಪ್ಪಂದಿರಿಗೆ ಅದೆಲ್ಲ ನೆನಪಿರುತ್ತದೆ? ಹೆಂಡತಿಗೆ ಫೋನ್ ಮಾಡಿ ಕೇಳುತ್ತೇನೆ ಎಂದು ಜೇಬಿಗೆ ಕೈ ಹಾಕಿದರೆ, "ಕಾಪಿ ಹೊಡಿಯಂಗಿಲ್ರಿ," ಎಂದರಂತೆ. ನಾನು ಡ್ಯೂಟಿ ಮುಗಿಸಿ ಬರುವವರೆಗೆ ನಲವತ್ತು ನಿಮಿಷ ಅಪ್ಪ ಗೇಟಿನ ಹೊರಗಿನ ಕಲ್ಲಿನ ಮೇಲೆ ಕೂತಿದ್ದರು. ನಾನು ರೇಗಾಡಿದೆ. ಅಪ್ಪ ಮಾತ್ರ ಆ ರಾತ್ರಿ ಅಮ್ಮನಿಗೆ ಫೋನಿನಲ್ಲಿ, "ಹುಡುಗಿ ಒಳ್ಳೆ ಕಡೆ ಇದಾಳೆ ಕಣೆ," ಎಂದರು.

ಹೀಗಿರುವಾಗ ನಮ್ಮ ಆಸ್ಪತ್ರೆಯವರಿಗೆ ಜ್ಞಾನೋದಯವಾಯಿತು. ಜನರ ಖಾಸಗಿ ಮಾಹಿತಿಯನ್ನು ಕಾಪಾಡಲು ಹೊಸ ಕಾನೂನು ಬಂದಿದೆ, ನಮ್ಮ ಸಿಬ್ಬಂದಿಯ ಕಾಗದಪತ್ರ ಯಾರ್‍ಯಾರ ಹತ್ತಿರ ಇದೆಯೋ ಅವರೆಲ್ಲರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳಿ ಎಂದು ಆದೇಶ ಬಂತು. ಕ್ಯಾಂಟೀನಿನವರು, ಕ್ಯಾಬ್ ಓಡಿಸುವವರು, ನಮ್ಮ ನರ್ಸ್ ಹುಡುಗಿಯರು ಇರುವ ಹಾಸ್ಟೆಲಿನವರು, ಎಲ್ಲರೂ ಬಂದರು ಅದರಲ್ಲಿ. ಹನ್ನೊಂದು ನಿಯಮಗಳ ಪಟ್ಟಿ ಬರೆದವಳು ನಾನೇ. ಆಧಾರ್ ಜೆರಾಕ್ಸನ್ನು ಮೇಜಿನ ಮೇಲೆ ಬಿಡಬೇಡಿ, ಫೋನಿನಲ್ಲಿ ಕೇಳಿದವರಿಗೆಲ್ಲ ವಿವರ ಕೊಡಬೇಡಿ, ಇನ್ನೊಬ್ಬರ ಹೆಸರಲ್ಲಿ ಸಿಮ್ಮು ಸಾಲ ತೆಗೆಯುವ ಕಳ್ಳರಿದ್ದಾರೆ, ಹುಷಾರು. ಏಳನೆಯದು, ಮಾಹಿತಿ ಕೈತಪ್ಪಿದರೆ ಅದು ಯಾರದೋ ಅವರಿಗೆ ತಿಳಿಸಬೇಕು. ಒಂಬತ್ತನೆಯದು, ಹಳೆಯ ಕಂಪ್ಯೂಟರನ್ನು ವಿಲೇವಾರಿ ಮಾಡುವಾಗ ಅದರೊಳಗಿನದು ಯಾರಿಗೂ ಮತ್ತೆ ಸಿಗದಂತೆ ನಾಶ ಮಾಡಿ, ಫಾರ್ಮು ತುಂಬಿ ಫೋಟೋ ಲಗತ್ತಿಸಿ ಕಳಿಸಬೇಕು.

ಪಟ್ಟಿಯನ್ನು ಇಂದಿರಮ್ಮನವರು ಕನ್ನಡಕ ಏರಿಸಿ ಪೂರ್ತಿ ಓದಿದರು. "ಇದನ್ನೆಲ್ಲಾ ನಾ ಮೊದಲಿಂದ ಮಾಡಾಕ್ಹತ್ತೀನಿ. ನೀ ಈಗ ಬರದಿ. ಇರ್ಲಿ, ಒಂಬತ್ತು ಒಂದು ಹೊಸಾದು," ಎಂದರು.

ಅವರ ಕಂಪ್ಯೂಟರು ಹನ್ನೊಂದು ವರ್ಷ ಹಳೆಯದು. ಒಂಬೈನೂರ ಹನ್ನೆರಡು ಹುಡುಗಿಯರ ಆಧಾರ್, ಫೋಟೋ, ಊರು, ಅಪ್ಪ ಅಮ್ಮನ ನಂಬರು, ಎಲ್ಲವೂ ಅದರ ಹೊಟ್ಟೆಯೊಳಗೆ. ಈಗ ಹೊಸದು ತಂದು, ಹಾಸ್ಟೆಲಿನ ಮಾಜಿ ಹುಡುಗಿ ಸಾಯಿಪ್ರಿಯಾಳಿಂದ ಎಲ್ಲವನ್ನೂ ಅದಕ್ಕೆ ಹಾಕಿಸಿದ್ದರು. ಹಳೆಯದನ್ನೇನು ಮಾಡಲಿ ಎಂದು ನನಗೆ ಫೋನ್ ಮಾಡಿದಾಗ ನಾನು ಆಸ್ಪತ್ರೆಯಲ್ಲಿ ಹದಿನೇಳು ಜನರ ಫಾರ್ಮಿನ ಹಿಂದೆ ಓಡುತ್ತಿದ್ದೆ.

"ಏನಾದ್ರೂ ಮಾಡಿ ಆಂಟಿ, ಯಾರ ಕೈಗೂ ಸಿಗಬಾರದು ಅಷ್ಟೇ," ಎಂದುಬಿಟ್ಟೆ.

ನಾಲ್ಕನೇ ದಿನ ಫಾರ್ಮು ಬಂತು. ನಾಶ ಮಾಡಿದ ವಿಧಾನ ಎಂಬಲ್ಲಿ 'ಇತರೆ' ಎನ್ನುವುದಕ್ಕೆ ಗುರುತು ಹಾಕಿತ್ತು. ಒಂದು ಫೋಟೋ ಲಗತ್ತಿಸಿತ್ತು. ಇಂದಿರಮ್ಮನವರಲ್ಲವೇ, ಇನ್ನೇನು ನೋಡುವುದು ಎಂದುಕೊಂಡೆ. ಫೋಟೋ ತೆರೆಯಲಿಲ್ಲ. 'ಪರಿಶೀಲಿಸಲಾಗಿದೆ' ಎಂದು ಸಹಿ ಹಾಕಿ ಕೈ ತೊಳೆದುಕೊಂಡೆ.

ಎಂಟು ದಿನ ಬಿಟ್ಟು ಹೊರಗಿನವರು ತನಿಖೆಗೆ ಬರುತ್ತಾರೆಂದು ಫೈಲುಗಳನ್ನು ಜೋಡಿಸುವಾಗ ಆ ಫೋಟೋ ತೆರೆದೆ. ಅಯ್ಯೋ ದೇವರೇ! ವಿಜಯವಾಡದಲ್ಲಿ ದುರ್ಗಮ್ಮನ ಗುಡ್ಡದ ಕೆಳಗಿನ ಸ್ನಾನಘಟ್ಟ. ಮೆಟ್ಟಿಲ ಮೇಲೆ ಕಂಪ್ಯೂಟರಿನ ಡಬ್ಬ. ಅದಕ್ಕೆ ಚೆಂಡು ಹೂವಿನ ಹಾರ, ಹಣೆ ಎನ್ನಬಹುದಾದ ಜಾಗದಲ್ಲಿ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಹಿಂದೆ ಒದ್ದೆ ಬಟ್ಟೆಯಲ್ಲಿ ಇಂದಿರಮ್ಮ ಮತ್ತು ಕಾಮೇಶ್ವರ ಅಂಕಲ್, ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವವರ ಮುಖ ಮಾಡಿಕೊಂಡು ನಿಂತಿದ್ದಾರೆ.

ನಾನು ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಸ್ಕೂಟಿ ಹತ್ತಿ ಹಾಸ್ಟೆಲಿಗೆ ಬಂದೆ. ಇಂದಿರಮ್ಮನವರು ಅಡುಗೆಮನೆಯಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತಿದ್ದರು.

"ಕಂಪ್ಯೂಟರ್‌ನ ಹೊಳೆಗೆ ಹಾಕಿದ್ರಾ?" ಎಂದೆ. ನನ್ನ ದನಿ ಮೂರನೇ ಮಹಡಿಗೂ ಕೇಳಿಸಿರಬೇಕು.

"ಒಗದಿಲ್ಲ. ಬಿಟ್ಟು ಬಂದ್ವಿ," ಎಂದು ತಿದ್ದಿದರು. "ಹನ್ನೊಂದು ವರ್ಷ ದಸರಾ ಖಂಡೇ ಪೂಜಿಯೊಳಗ ಕುಂಕುಮ ಹಚ್ಚಿಸ್ಕೊಂಡೈತಿ, ಆರತಿ ಬೆಳಗಿಸ್ಕೊಂಡೈತಿ. ಅದಕ್ಕ ಸುತ್ತಿಗಿ ಹೊಡೀಲೇನ? ಗುಜರಿಯಂವಗ ಕೊಡ್ಲೇನ? ಹಳೇ ದೇವರ ಫೋಟೋ ಏನ್ ಮಾಡ್ತೀವಿ ನಾವು, ನೀರಿಗೆ ಬಿಡ್ತೀವಿಲ್ಲ? ಹಂಗ."

"ಸಮುದ್ರ ಇಲ್ಲೇ ಕಾಲ ಕೆಳಗೆ ಇದೆಯಲ್ಲ! ಆರು ಗಂಟೆ ರೈಲಲ್ಲಿ ಕೂತು ವಿಜಯವಾಡಕ್ಕೆ ಯಾಕೆ ಹೋದ್ರಿ?"

"ಈ ಸಮುದ್ರದ್ದೇನ ಭರವಸಾ? ನಿಮ್ಮ ಅಂಕಲ್ ಚಪ್ಪಲಿ ಒಯ್ದಿತ್ತು, ಮರುದಿನ ತಂದು ದಂಡಿಗೆ ಒಗೀತು. ಕೃಷ್ಣಾ ನಮ್ಮ ಊರಿನ ಹೊಳಿ. ನಮ್ಮವ್ವನ ಬೂದಿನೂ ಅದರಾಗ ಬಿಟ್ಟೀವಿ. ಆಕಿ ಕಡೆ ಕೊಟ್ರ ಮುಗೀತು."

ಕಾಮೇಶ್ವರ ಅಂಕಲ್ ಬಾಗಿಲಲ್ಲಿ ನಿಂತು, "ಚೆನ್ನಾಗಿ ಪ್ಯಾಕ್ ಮಾಡಿದ್ವಿ ಅಮ್ಮಾ. ಬತ್ತಲೆ ಕೊಡಬಾರದಂತ ಈವಿಡ, ನಿಮ್ಮ ಆಂಟಿ, ರವಿಕೆ ಬಟ್ಟೆ ಸುತ್ತಿದಳು. ಮೇಲೆ ಸೀರೆ ಬರತ್ತಲ್ಲ, ಆ ದಪ್ಪ ಪ್ಲಾಸ್ಟಿಕ್ ಕವರು. ಅದಿಕ್ಕೂ ಟೇಪು," ಎಂದರು ಹೆಮ್ಮೆಯಿಂದ.

ನಾನು ಸೊಪ್ಪಿನ ಮೊರದ ಪಕ್ಕ ನೆಲದಲ್ಲೇ ಕುಸಿದು ಕೂತೆ. ನಾಶವಾಗಬೇಕಾದ ವಸ್ತುವಿಗೆ ಈ ಪುಣ್ಯಾತ್ಮರು ರೇನ್‌ಕೋಟು ಹೊದಿಸಿ ಕಳಿಸಿದ್ದರು! ಹಾರ್ಡ್ ಡಿಸ್ಕ್ ಎಂಬುದು ಕಬ್ಬಿಣದ ಸಣ್ಣ ಪೆಟ್ಟಿಗೆ, ಅದರೊಳಗೆ ತಟ್ಟೆಗಳಿವೆ, ನೀರಿನಲ್ಲಿ ನೆನೆದರೂ ಅದರ ಮೇಲೆ ಬರೆದದ್ದು ಅಳಿಸುವುದಿಲ್ಲ, ಒಣಗಿಸಿ ಓದುವವರಿದ್ದಾರೆ ಎಂದು ವಿವರಿಸಿದೆ. ಇಂದಿರಮ್ಮನವರು ನಂಬಲಿಲ್ಲ. ಹೊಳೆಯ ತಳಕ್ಕೆ ಯಾರು ಇಳಿಯುತ್ತಾರೆ ಎಂದರು.

"ಘಟ್ಟದ ಮೇಲೆ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನೀರಿಗೆ ಎಸೀತಾ ಇರ್ತಾರಲ್ಲ, ಅವರನ್ನ ನೋಡ್ಲಿಲ್ವಾ?"

ಅವರು ನೋಡಿದ್ದರು. ಭಕ್ತರು ಎಸೆದ ನಾಣ್ಯ ಎತ್ತುವ ಜನ. ಇಂದಿರಮ್ಮನವರ ಕೈಯ ಸೊಪ್ಪಿನ ಕಟ್ಟು ಮೊರಕ್ಕೆ ಬಿತ್ತು. ಮುಖದ ಬಣ್ಣ ಇಳಿಯಿತು. "ಯವ್ವಾ, ನನ್ನ ಹುಡುಗ್ಯಾರ ಕಾಗದ," ಎಂದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಅರ್ಧ ಗಂಟೆ ಅವರನ್ನು ಬೈದೆ. ಆ ಫೋಟೋ ಎಂಟು ದಿನದಿಂದ ನನ್ನ ಹತ್ತಿರ ಇತ್ತು, ಬಂದ ದಿನವೇ ತೆರೆದಿದ್ದರೆ ಅಂದೇ ಓಡಿಹೋಗಬಹುದಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಈಗತಾನೆ ಬಂತು ಎನ್ನುವ ಹಾಗೆ ನಡೆದುಕೊಂಡೆ. ಅವರು ನನ್ನನ್ನು ಪ್ರಶ್ನಿಸಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಮೂವರೂ ಹೊರಟೆವು. ಅಂಕಲ್ ಪುಳಿಹೋರ ಕಟ್ಟಿಸಿಕೊಂಡು ಬಂದಿದ್ದರು; ರಾಜಮಂಡ್ರಿ ಬರುವ ಹೊತ್ತಿಗೆ ಅವರದೂ ನನ್ನದೂ ಖಾಲಿ. ಇಂದಿರಮ್ಮನವರು ಮುಟ್ಟಲಿಲ್ಲ. ಎದುರಿಗಿದ್ದವರನ್ನು ಯಾವ ಊರು, ಯಾರ ಪೈಕಿ ಎಂದು ವಿಚಾರಿಸದೆ ಅವರು ರೈಲಿನಲ್ಲಿ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಭಯವಾಯಿತು.

ಗೋದಾವರಿ ಸೇತುವೆ ದಾಟಿದ ಮೇಲೆ ತಾವಾಗಿಯೇ ಬಾಯಿ ಬಿಟ್ಟರು. "ಅದರಾಗ ಒಬ್ಬಾಕಿ ಅದಾಳ. ಗಂಡ ಬಡೀತಾನಂತ ಓಡಿ ಬಂದಾಕಿ. ಈಗ ಎಲ್ಲಿ ಕೆಲಸ ಮಾಡ್ತಾಳ, ಎಲ್ಲಿ ಇರ್ತಾಳ ಅಂತ ನಿಮ್ಮ ಅಂಕಲ್‌ಗೂ ನಾ ಹೇಳಿಲ್ಲ. ಆಂವ ಮೂರು ಸಲ ಬಂದಿದ್ದ, ಒಮ್ಮೆ ಪೊಲೀಸ್ ಅಂತ ಸುಳ್ಳ ಹೇಳಿ. ಮೂರೂ ಸಲ ಹೊರಗ ನಿಲ್ಲಿಸಿ ಕಳಿಸೀನಿ. ಈಗ ನಾನಽ ಹೋಗಿ ಆಕಿ ಅಡ್ರೆಸ್ ಹೊಳಿ ದಂಡಿಗೆ ಇಟ್ಟು ಬಂದೆ. ಹಾರ ಹಾಕಿ ಇಟ್ಟು ಬಂದೆ, ತನು."

ನಾನು ಕಿಟಕಿಯ ಹೊರಗೆ ನೋಡಿದೆ. ಹೇಳಲು ಇದೇ ಸಮಯ ಎಂದು ಗೊತ್ತಿತ್ತು. ಹೇಳಲಿಲ್ಲ.

ಸ್ನಾನಘಟ್ಟದಲ್ಲಿ ಅಯಸ್ಕಾಂತದವರು ನಾಲ್ಕು ಜನ ಇದ್ದರು. ಮೂವರು ನಮ್ಮನ್ನು ಕಂಡು ಬೆನ್ನು ತಿರುಗಿಸಿದರು. ನಾಲ್ಕನೆಯವನು ರಾಮ್‌ಪ್ರಸಾದ್ ಎಂದು, ಐವತ್ತರ ಆಸಾಮಿ, ಕಂಪ್ಯೂಟರು ಎಂದ ಕೂಡಲೇ ನಗಲು ಶುರುಮಾಡಿದ. ಅವನ ತೆಲುಗು ಮಾತನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತೇನೆ.

"ಹಾರ ಹಾಕಿದ ಕಂಪ್ಯೂಟರಾ? ಮರೆಯೋದು ಹೇಗಮ್ಮಾ! ನೀವು ಮೆಟ್ಟಿಲು ಹತ್ತಿ ಚಹಾ ಅಂಗಡಿ ತನಕ ಹೋಗಿರಲಿಲ್ಲ, ನನ್ನ ಹಗ್ಗಕ್ಕೆ ಸಿಕ್ಕಿಬಿಟ್ಟಿತು. ದೊಡ್ಡ ಮೀನು ಅಂದ್ಕೊಂಡೆ. ಎಳೆದು ಎಳೆದು ರಟ್ಟೆ ನೋಯ್ತು. ಕವರು ಬಿಚ್ಚಿದ್ರೆ ಒಳಗೆ ಒಂದು ಹನಿ ನೀರಿಲ್ಲ!"

ಅಂಕಲ್ ನನ್ನ ಕಡೆ ನೋಡಿ, "ಟೇಪು ನಾನೇ ಹಾಕಿದ್ದು," ಎಂದು ಪಿಸುಗುಟ್ಟಿದರು. ನಾನು ಕಣ್ಣು ಬಿಟ್ಟೆ. ಸುಮ್ಮನಾದರು.

ಡಬ್ಬವನ್ನು ಆಟೋನಗರದ ಸಾಯಿಕಿರಣ್ ಎಂಬವನಿಗೆ ಕೊಟ್ಟೆ ಎಂದ ರಾಮ್‌ಪ್ರಸಾದ್. ದೇವರಿಗೆ ಬಿಟ್ಟದ್ದನ್ನು ಎತ್ತಿ ಮಾರಿದ್ದು ತಪ್ಪಾಯಿತೇನೋ ಎಂದು ಅವನಿಗೂ ಅಳುಕು. ಇಂದಿರಮ್ಮನವರ ಕಾಲಿಗೆ ಬೀಳಲು ಬಂದ. "ನಿನ್ನ ಕೆಲಸ ನೀ ಮಾಡಿದಿ. ತಪ್ಪು ನಂದು," ಎಂದು ಅವರು ಅವನ ಭುಜ ಹಿಡಿದು ಎಬ್ಬಿಸಿದರು.

ಆಟೋನಗರವೆಂದರೆ ಲಾರಿ ಬಾಡಿ ಕಟ್ಟುವವರು, ವೆಲ್ಡಿಂಗಿನವರು, ಸ್ಪ್ರಿಂಗಿನವರು. ಬೀದಿ ತುಂಬ ಸುತ್ತಿಗೆ ಸದ್ದು. ಎರಡು ಲಾರಿ ಶೆಡ್ಡುಗಳ ನಡುವೆ ಸಾಯಿಕಿರಣನ ಅಂಗಡಿ. ಹಳೆಯ ಕಂಪ್ಯೂಟರು, ಟಿವಿ, ಇನ್ವರ್ಟರುಗಳ ರಾಶಿಯ ಮಧ್ಯೆ ಮೂವತ್ತು ಮೂವತ್ತೆರಡರ ಯುವಕ, ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದ. ನಮ್ಮ ಕಂಪ್ಯೂಟರಿನ ಡಬ್ಬ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ.

"ಡಿಸ್ಕಾ? ಇದೆ. ಕ್ಯಾಮೆರಾ ಹಾಕೋರಿಗೆ ಹಳೇ ಡಿಸ್ಕ್ ಬೇಕಾಗ್ತವೆ, ಅದಕ್ಕೆ ತೆಗೆದಿಟ್ಟಿದ್ದೀನಿ," ಎಂದ ಆತ, ತೆಲುಗಿನಲ್ಲೇ. "ಆದ್ರೆ ಅದು ನಿಮ್ಮದೇ ಅಂತ ನನಗೇನು ಗೊತ್ತು? ಹಿಂದೆ ಒಬ್ಬ ನಂದು ಅಂತ ತಗೊಂಡು ಹೋದ, ಆಮೇಲೆ ನಿಜವಾದ ಯಜಮಾನ ಬಂದು ನನ್ನ ಪ್ರಾಣ ತೆಗೆದ. ನಿಮ್ಮ ಆಧಾರ್ ಜೆರಾಕ್ಸ್ ಒಂದು ಕೊಡಿ, ಕೊಡ್ತೀನಿ."

ನಾನು ಸರಸರನೆ ಪರ್ಸು ತೆಗೆದೆ. ಇಂದಿರಮ್ಮನವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಜೆರಾಕ್ಸ್ ಯಾಕಪ್ಪಾ? ಎಲ್ಲಿ ಇಡ್ತಿ ಅದನ್ನ?"

"ಇಲ್ಲೇ, ಈ ಡ್ರಾಯರಲ್ಲಿ."

"ಕೀಲಿ ಐತೇನ ಅದಕ್ಕ?"

"ಇಲ್ಲ."

"ಎಷ್ಟ ದಿನ ಇಡ್ತಿ? ಯಾವಾಗ ಹರದ ಒಗೀತಿ? ಹರೀತಿ ಅಂತ ನನಗ ಯಾರ ಹೇಳ್ತಾರ?"

ಅಂಕಲ್ ಇದನ್ನೆಲ್ಲ ಗಂಭೀರವಾಗಿ ತೆಲುಗಿಗೆ ಅನುವಾದ ಮಾಡುತ್ತಿದ್ದರು. ಇಂದಿರಮ್ಮನವರಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಸಿಟ್ಟು ಬಂದಾಗ ಮಾತ್ರ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ನನಗೆ ತಲೆ ಕೆಟ್ಟುಹೋಯಿತು. "ಆಂಟಿ, ಒಂಬೈನೂರು ಹುಡುಗೀರ ಆಧಾರ್ ಅವನ ಹತ್ರಾನೇ ಇದೆ! ನಿಮ್ಮದೊಂದು ಕೊಟ್ರೆ ಏನು ಹೋಗತ್ತೆ?" ಎಂದು ಚೀರಿದೆ.

"ಒಂದು ಹೋಗೇತಿ ಅಂತ ಇನ್ನೊಂದು ಕೊಡೂದೇನ?" ಎಂದರು. ನಾನು ಪರ್ಸು ಮುಚ್ಚಿದೆ.

ಸಾಯಿಕಿರಣ್ ತಬ್ಬಿಬ್ಬಾದ. ಹತ್ತು ವರ್ಷದ ವ್ಯಾಪಾರದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲವಂತೆ. ಕೊನೆಗೆ ಅವನೇ ದಾರಿ ಹುಡುಕಿದ. ಆಧಾರ್ ತೋರಿಸಿದರೆ ಸಾಕು, ಜೆರಾಕ್ಸ್ ಬಿಟ್ಟುಹೋಗಬೇಕಿಲ್ಲ. ಆದರೆ ಇದು ನಿಮ್ಮದೇ ಎನ್ನಲು ಒಂದು ಗುರುತು ಹೇಳಿ ಎಂದ. ಇಂದಿರಮ್ಮನವರು ಒಂದು ಕ್ಷಣವೂ ಯೋಚಿಸದೆ, ಫ್ಯಾನಿನ ಎಡಗಡೆಯ ತೂತಿನಲ್ಲಿ ಗಂಧ ಗಟ್ಟಿಯಾಗಿ ಕೂತಿದೆ, ಒಳಬದಿಗೆ ಅರಿಶಿನದಲ್ಲಿ ಸ್ವಸ್ತಿಕ ಬರೆದಿದೆ, ತಳದಲ್ಲಿ ಒಂದು ಅಡಿಕೆ ಬಿದ್ದಿರಬೇಕು, ಮೂರು ವರ್ಷದಿಂದ ಅಲ್ಲಾಡಿದಾಗ ಸದ್ದು ಬರುತ್ತಿತ್ತು ಎಂದರು. ಡಬ್ಬ ಬಗ್ಗಿಸಿದರೆ ಅಡಿಕೆ ಉರುಳಿ ಹೊರಗೆ ಬಂತು. ಸಾಯಿಕಿರಣ್ ಎದ್ದು ಕೈ ಮುಗಿದು ಡಿಸ್ಕನ್ನು ಎರಡೂ ಕೈಯಲ್ಲಿ ಕೊಟ್ಟ.

"ಇದನ್ನ ಹಚ್ಚಿ ನೋಡಿದಿ?" ಎಂದು ಇಂದಿರಮ್ಮನವರು ಈಗ ತೆಲುಗಿನಲ್ಲಿ ಮೆಲ್ಲಗೆ ಕೇಳಿದರು.

ಆತ ತಲೆ ಕೆರೆದುಕೊಂಡ. "ನಿನ್ನೆ ಕೆಲಸ ಮಾಡತ್ತಾ ಅಂತ ಹಚ್ಚಿದೆ. ಒಂದು ಹುಡುಗಿ ಫೋಟೋ ಬಂತು, ಪಕ್ಕದಲ್ಲಿ ಆಧಾರು. ಮುಚ್ಚಿಬಿಟ್ಟೆ. ಕಾಪಿ ಏನೂ ಮಾಡಿಲ್ಲಮ್ಮಾ. ನನಗೂ ತಂಗಿ ಇದ್ದಾಳೆ."

ಇಂದಿರಮ್ಮನವರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಗೇಟಿನಲ್ಲಿ ನಿಂತವರನ್ನು ನೋಡುವ ನೋಟ. ನಂಬಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಪಕ್ಕದ ಶೆಡ್ಡಿನಲ್ಲಿ ಕಬ್ಬಿಣಕ್ಕೆ ತೂತು ಕೊರೆಯುವ ದೊಡ್ಡ ಡ್ರಿಲ್ಲಿಂಗ್ ಮಿಷನ್ನು ಇತ್ತು. ಡಿಸ್ಕಿಗೆ ಹತ್ತು ತೂತು ಹಾಕಿದರೆ ಬ್ರಹ್ಮ ಬಂದರೂ ಓದಲಾರ ಎಂದೆ. ಇಂದಿರಮ್ಮನವರು ಡಿಸ್ಕನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಪೂಜೆ ಮಾಡಿದ್ದಕ್ಕೆ ತೂತು ಹೇಗೆ ಹಾಕಲಿ ಎಂಬುದು ಮತ್ತೆ ಎದ್ದು ನಿಂತಿತು. ನಾನು ಹಣೆ ಹಣೆ ಚಚ್ಚಿಕೊಂಡೆ.

ಆಗ ಕಾಮೇಶ್ವರ ಅಂಕಲ್ ಗಂಟಲು ಸರಿಮಾಡಿಕೊಂಡರು. "ಅದಿ ಕಾದು, ಅದಲ್ಲ ಇಂದಿರಾ. ಗಣಪತಿಗೆ ಏನ್ ಮಾಡ್ತೀವಿ? ಉದ್ವಾಸನ, ಬೀಳ್ಕೊಡೋ ಮಂತ್ರ ಹೇಳಿ, ಉತ್ತರಕ್ಕೆ ಸ್ವಲ್ಪ ಜರುಗಿಸ್ತೀವಿ. ಆಮೇಲೆ ಸ್ವಾಮಿ ಹೋದರು, ಉಳಿದದ್ದು ಮಣ್ಣು. ಇದಕ್ಕೂ ಹಂಗೇ ಮಾಡು. ಉಳಿದದ್ದು ಇನುಮು. ಕಬ್ಬಿಣ ಅಷ್ಟೇ."

ಇಂದಿರಮ್ಮನವರು ಗಂಡನನ್ನು ನೋಡಿದ ರೀತಿಗೆ, ನಲವತ್ತು ವರ್ಷದ ಹಿಂದೆ ಆ ಬೋಲ್ಟುಗಳು ಹೇಗೆ ಸಡಿಲವಾದವು ಎಂದು ನನಗೆ ಅರ್ಥವಾಯಿತು. "ಇದನ್ನ ಹನ್ನೆರಡು ದಿನದ ಹಿಂದ ಹೇಳಾಕ ಏನಾಗಿತ್ತು ಏವಂಡಿ?" ಎಂದು ಮಾತ್ರ ಬೈದರು.

ಉತ್ತರ ಯಾವ ಕಡೆ ಎಂಬುದಕ್ಕೆ ಶೆಡ್ಡಿನವರಲ್ಲಿ ಭಿನ್ನಾಭಿಪ್ರಾಯ ಬಂತು. ಸಾಯಿಕಿರಣ್ ಮೊಬೈಲಿನಲ್ಲಿ ದಿಕ್ಸೂಚಿ ತೆಗೆದು ತೋರಿಸಿದ. ಒಂದು ಸ್ಟೂಲಿನ ಮೇಲೆ ಡಿಸ್ಕ್ ಇಟ್ಟು, ಇಂದಿರಮ್ಮನವರು ಕಣ್ಣು ಮುಚ್ಚಿ ಮಂತ್ರ ಹೇಳಿ, ಅದನ್ನು ಎರಡು ಬೆರಳಿನಷ್ಟು ಉತ್ತರಕ್ಕೆ ಸರಿಸಿದರು. ವೆಲ್ಡಿಂಗಿನವರು ಸಹ ಕೆಲಸ ನಿಲ್ಲಿಸಿ ಕೈ ಮುಗಿದರು. ಆಮೇಲೆ ಸೆರಗು ಬಿಗಿದು ಮಿಷನ್ನಿನ ಹಿಡಿ ತಾವೇ ಹಿಡಿದರು. ಹತ್ತು ಎಂದಿದ್ದೆ, ಇಪ್ಪತ್ತೊಂದು ತೂತು ಹಾಕಿದರು. ನಾನು ಪ್ರತಿಯೊಂದಕ್ಕೂ ಫೋಟೋ ತೆಗೆದೆ.

ವಾಪಸಾಗುವಾಗ ನಾನು ಹಗುರಾಗಿದ್ದೆ. ಹಳೆಯ ಫೋಟೋ ತೆಗೆದು ಈ ಹೊಸದನ್ನು ಹಾಕುತ್ತೇನೆ, ಕಥೆ ಮುಗಿಯಿತು, ಯಾರಿಗೂ ಹೇಳುವುದು ಬೇಡ ಎಂದೆ. ಇಂದಿರಮ್ಮನವರು ಹೂಂ ಎನ್ನಲಿಲ್ಲ. ಮರುದಿನ ಬೆಳಿಗ್ಗೆ ಊಟದ ಕೋಣೆಯ ಮೇಜಿನ ಮೇಲೆ ಒಂಬೈನೂರ ಹನ್ನೆರಡು ಹೆಸರುಗಳ ಪಟ್ಟಿಯನ್ನು ಪ್ರಿಂಟು ತೆಗೆಸಿ ಇಟ್ಟುಕೊಂಡು ಕೂತಿದ್ದರು.

"ಏನಿದು?"

"ಎಲ್ಲಾರಿಗೂ ಫೋನ್ ಹಚ್ಚಿ ಹೇಳತೇನಿ. ಹನ್ನೆರಡು ದಿನ ನಿಮ್ಮ ಕಾಗದ ನನ್ನ ಕೈಯಾಗ ಇರಲಿಲ್ಲ ಅಂತ."

"ಹುಚ್ಚಾ ನಿಮಗೆ? ಡಿಸ್ಕ್ ಸಿಕ್ತು, ತೂತು ಬಿತ್ತು! ಈಗ ಹೇಳಿದ್ರೆ ಊರೆಲ್ಲಾ ಸುದ್ದಿ. ಆಸ್ಪತ್ರೆಯವರು ನರ್ಸ್‌ಗಳನ್ನ ಬೇರೆ ಹಾಸ್ಟೆಲಿಗೆ ಕಳಿಸ್ತಾರೆ. ಯಾವ ತಂದೆ ತಾಯಿ ಮಗಳನ್ನ ಇಲ್ಲಿ ಬಿಡ್ತಾರೆ?"

"ಬಿಡದಿದ್ರ ಬಿಡಲಿ. ಆ ಹುಡುಗ ಕಾಪಿ ಮಾಡಿಲ್ಲ ಅಂತಾನ. ಖರೇ ಇರಬಹುದು. ಆದ್ರ ನಾಳೆ ಯಾರರ ಒಬ್ಬಾಕಿ ಹೆಸರಲೇ ಸಿಮ್ ತೊಗೊಂಡ್ರ, ಆ ಓಡಿ ಬಂದಾಕಿ ಗಂಡ ಬಾಗಲಾ ಬಡದ್ರ? ಹುಷಾರಾಗಿರು ಅಂತ ಹೇಳೂದು ಬ್ಯಾಡೇನ? ಏಳನೇದ್ರಾಗ ನೀನಽ ಬರದಿ."

"ಅದು ದೊಡ್ಡ ಕಂಪನಿಗಳಿಗೆ ಆಂಟಿ!"

"ನನ್ನ ಹುಡುಗ್ಯಾರು ಸಣ್ಣವರೇನ?" ಎಂದು ಮೊದಲ ನಂಬರು ಒತ್ತಿದರು. ಅದು ಆ ಗಂಡನ ಭಯದವಳದು. ಅವಳೊಬ್ಬಳಿಗೆ ಸಾಲು ತಪ್ಪಿಸಿ ಮೊದಲು ಮಾಡಿದರು. ಆಕೆ ಕೇಳಿಸಿಕೊಂಡು, ತಿಂಗಳ ಹಿಂದೆಯೇ ಮನೆ ಬದಲಾಯಿಸಿದ್ದೇನೆ, ಹೇಳಿದ್ದು ಒಳ್ಳೆಯದಾಯಿತು, ನಂಬರನ್ನೂ ಬದಲಾಯಿಸುತ್ತೇನೆ ಎಂದಳಂತೆ. ಇಂದಿರಮ್ಮನವರು ಫೋನಿಟ್ಟು ಕಣ್ಣೊರೆಸಿಕೊಂಡು ಎರಡನೇ ನಂಬರಿಗೆ ಹೋದರು.

ಆಮೇಲೆ ಶುರುವಾಯಿತು ನೋಡಿ ತಮಾಷೆ. 'ನಿಮ್ಮ ಆಧಾರ್ ವಿಷಯ' ಎನ್ನುತ್ತಿದ್ದ ಹಾಗೆ ಅರ್ಧಕ್ಕರ್ಧ ಜನ ಫೋನ್ ಕುಕ್ಕಿದರು. ಆಧಾರ್ ಎಂದು ಫೋನ್ ಮಾಡುವವರೆಲ್ಲ ಮೋಸಗಾರರು ಎಂದು ಈಗ ದೇಶಕ್ಕೆಲ್ಲ ಗೊತ್ತು. ಅಮೂಲ್ಯಾ ಎಂಬವಳು ಪೊಲೀಸಿಗೆ ಹಿಡಿದುಕೊಡುತ್ತೇನೆ ಎಂದಳು. ಇಂದಿರಮ್ಮನವರಿಗೆ ಬೇಜಾರಿಲ್ಲ, ಬಹಳ ಖುಷಿ. "ಶಾಣ್ಯಾ ಅದಾಳ, ನೋಡು. ಹಿಂಗಽ ಇರಬೇಕು," ಎಂದು ಅವಳ ಹೆಸರಿನ ಮುಂದೆ ಚುಕ್ಕೆ ಇಟ್ಟರು. ವಿಡಿಯೋ ಕಾಲ್ ಮಾಡಿ ಮುಖ ತೋರಿಸಿದ ಮೇಲೆ ಹೆಚ್ಚಿನವರು ನಂಬಿದರು. ಮೂವರು ಬೈದರು. ಒಬ್ಬಳು ಹೆರಿಗೆ ವಾರ್ಡಿನಿಂದಲೇ ಮಾತಾಡಿ ಮಗುವನ್ನು ತೋರಿಸಿದಳು.

ಐದು ದಿನ ಹೀಗೆ ನಡೆಯಿತು. ಆರನೆಯ ದಿನ ಭಾನುವಾರ ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಇಡ್ಲಿ ತಿನ್ನುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ನೋಡಿದರೆ ಇಂದಿರಮ್ಮ. ಆರಡಿ ದೂರದಲ್ಲಿ ಫೋನ್ ಕಿವಿಗಿಟ್ಟುಕೊಂಡು ನೆಟ್ಟಗೆ ಕೂತಿದ್ದಾರೆ.

"ಆಂಟಿ, ನಾನು ಇಲ್ಲೇ ಇದೀನಿ!"

ಅವರು ಕೈ ಸನ್ನೆ ಮಾಡಿದರು, ಎತ್ತು ಎಂದು. ಎತ್ತಿದೆ.

"ತನುಶ್ರೀ ಅವರಾ? ನಾ ಇಂದಿರಮ್ಮ ಮಾತಾಡೂದ್ರಿ. ನೀವು ನಂಬಿ ಕೊಟ್ಟ ಕಾಗದ ಹನ್ನೆರಡು ದಿನ ನನ್ನ ಕೈಯಾಗ ಇರಲಿಲ್ರಿ. ಯಾರರ ನೋಡಿರಬಹುದು. ನಿಮ್ಮ ಹೆಸರಲೇ ಏನರ ಕಾಗದ ಬಂದ್ರ ನನಗ ಹೇಳ್ರಿ, ನಾ ಬರ್ತೇನಿ ನಿಮ್ಮ ಸಂಗಾಟ, ಯಾವ ಆಫೀಸಿಗಾದ್ರೂ. ತಪ್ಪು ಪೂರಾ ನಂದು. ನಿಮ್ಮದೇನರ ಕೇಳೂದೈತೇನ್ರಿ?"

ಮೂರು ವರ್ಷದಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಇಡ್ಲಿಯ ತಟ್ಟೆ ಪಕ್ಕಕ್ಕೆ ಸರಿಸಿದೆ. ಕಣ್ಣು ತುಂಬಿ ಬಂತು. ನಾನು ಫೋನನ್ನು ಕಿವಿಯಿಂದ ತೆಗೆಯದೆಯೇ ಹೇಳಿದೆ.

"ಪೂರಾ ನಿಮ್ಮದಲ್ಲ ಆಂಟಿ. ಆ ಫೋಟೋ ನೀವು ಕಳಿಸಿದ ದಿನವೇ ನನ್ನ ಹತ್ರ ಬಂತು. ನಾನು ತೆರೆದು ನೋಡ್ಲಿಲ್ಲ. ನೋಡಿದೀನಿ ಅಂತ ಸಹಿ ಹಾಕ್ದೆ. ಎಂಟು ದಿನ ನನ್ನ ಹತ್ರಾನೇ ಬಿದ್ದಿತ್ತು. ನಿಮಗೆ ಬೈದೆ, ಇದನ್ನ ಹೇಳ್ಲಿಲ್ಲ."

ಅವರು ಗಲ್ಲಕ್ಕೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದರು. ಆಮೇಲೆ ಫೋನು ಕೆಳಗಿಟ್ಟು, ಪಟ್ಟಿಯನ್ನು ಎರಡು ಭಾಗ ಮಾಡಿ, ದಪ್ಪಗಿದ್ದ ಅರ್ಧವನ್ನು ಮೇಜಿನ ಮೇಲೆ ನನ್ನ ಕಡೆ ದೂಡಿದರು.

"ಹಂಗಾರ ನಿನ್ನ ಹೆಸರಿನ ತನಕ ನಂದು ಮುಗೀತು. ಇನ್ನ ಉಳಿದದ್ದು ನಿಂದು. ಹಚ್ಚು ಫೋನು."

ಮೊದಲು ನಾನು ನಮ್ಮ ಮೇಲಧಿಕಾರಿಗೆ ಎರಡು ಸಾಲು ಬರೆದು ಕಳಿಸಿದೆ, ಪರಿಶೀಲಿಸದೆ ಸಹಿ ಹಾಕಿದವಳು ನಾನು ಎಂದು. ಆಮೇಲೆ ಕೈ ತೊಳೆದು ಬಂದು ನನ್ನ ಪಾಲಿನ ಮೊದಲ ನಂಬರು ಒತ್ತಿದೆ. ಆ ಕಡೆ ಹಲೋ ಎಂದ ಹುಡುಗಿಯನ್ನು ನಾನು ಯಾವತ್ತೂ ನೋಡಿಲ್ಲ.

"ನಮಸ್ಕಾರ, ನಾನು ತನುಶ್ರೀ ಅಂತ, ಇಂದಿರಮ್ಮನವರ ಹಾಸ್ಟೆಲಿನಿಂದ," ಎಂದೆ. "ದಯವಿಟ್ಟು ಫೋನ್ ಇಡಬೇಡಿ. ನನ್ನಿಂದ ಒಂದು ತಪ್ಪಾಗಿದೆ."